ಬಿಳಿ ಶಾಲಿನ ಗಿರಾಕಿ

ಗಾಜಿನ ಛಾವಣಿಗೆ ಬಿಸಿಲು ತಾಗುವ ಹೊತ್ತಿಗೆ ಸರಿಯಾಗಿ ಮಗಳು ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ಹಿಂದಿನ ದಿನ ತೆಗೆದ ಗಾಜಿನ ಪ್ಲೇಟುಗಳನ್ನು ಕಾಗದದ ಮೇಲಿಟ್ಟು, ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಒಡ್ಡುವುದು ಅವಳ ಕೆಲಸ. ಚಿತ್ರ ಮೂಡಿಸುವುದು ಸೂರ್ಯ. ಮೋಡ ಬಂದರೆ ಅಂದು ಅವನಿಗೂ ರಜೆ, ಅವಳಿಗೂ ರಜೆ.

ರಾತ್ರಿ ಅಪ್ಪ ಮಲಗುವುದೂ ಅಲ್ಲೇ. ಬಾಗಿಲು ತೆರೆದೇ ಇತ್ತು.

"ಅಪ್ಪಾ?"

ಒಳಗೆ ಕಾಲಿಟ್ಟಳು. ಮರುಕ್ಷಣ ಅವಳು ಕಿರುಚಿದ್ದು ಕೆಳಗಿನ ಗಡಿಯಾರದಂಗಡಿಯವರೆಗೂ ಕೇಳಿಸಿತು.

ಅಪ್ಪ, ಆ ಸ್ಟುಡಿಯೋದ ಯಜಮಾನರು, ಕ್ಯಾಮೆರಾದ ಪಕ್ಕ ಬೋರಲಾಗಿ ಬಿದ್ದಿದ್ದರು. ಎದುರಿಗೆ ಗಿರಾಕಿಯ ಖಾಲಿ ಕುರ್ಚಿ. ಅದರ ಹಿಂದೆ ಕೊಳವೂ ಎರಡು ಹಂಸಗಳೂ ಇದ್ದ ಬಣ್ಣದ ಪರದೆ. ಚಿತ್ರ ತೆಗೆಯುವಾಗ ಗಿರಾಕಿಯ ತಲೆ ಅಲುಗದಂತೆ ಹಿಂದಿನಿಂದ ಹಿಡಿಯುವ ಕಬ್ಬಿಣದ ಸ್ಟ್ಯಾಂಡು ನೆಲಕ್ಕೆ ಉರುಳಿತ್ತು. ಅದರ ದಪ್ಪ ಬುಡಕ್ಕೆ ರಕ್ತ ಒಣಗಿ ಅಂಟಿತ್ತು.

* * *

ಇನ್ಸ್‌ಪೆಕ್ಟರಿಗೆ ಸ್ಟುಡಿಯೋ ಎಂದರೆ ಮೊದಲಿನಿಂದಲೂ ಆಗದು. ಅದಕ್ಕೆ ಕಾರಣ ಅವರ ಮದುವೆಯ ಫೋಟೋ. ಇದೇ ಕುರ್ಚಿಯಲ್ಲಿ, ಇದೇ ಸ್ಟ್ಯಾಂಡಿಗೆ ತಲೆ ಒಡ್ಡಿ ಕೂತಿದ್ದರು. ಉಸಿರು ಬಿಗಿ ಹಿಡಿದು ಕೂರಿ ಅಂದರೆ ಅವರಿಗೆ ಸೀನು ಬಂತು. ಚಿತ್ರದಲ್ಲಿ ಎರಡು ಮೂಗು ಮೂಡಿದವು. ಅದು ಸಾಲದು ಎಂಬಂತೆ, ಅತ್ತೆ ಮುತುವರ್ಜಿಯಿಂದ ಹೊಲಿಸಿದ್ದ ಆಕಾಶನೀಲಿ ಕೋಟು ಅಚ್ಚ ಬಿಳಿಯಾಗಿ ಬಂತು. "ಮದುವೆ ಗಂಡು ನೀವಾ, ಅಡಿಗೆ ಮಾಡೋಕೆ ಬಂದೋರಾ?" ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ. ದೂರು ಹೇಳಿದಾಗ ಯಜಮಾನರು ನಕ್ಕಿದ್ದರು. "ಪ್ಲೇಟಿನ ಕಣ್ಣೇ ಬೇರೆ ಸಾಹೇಬ್ರೆ, ನಮ್ಮ ಕಣ್ಣೇ ಬೇರೆ."

ಹಾಗೆ ನಕ್ಕ ಮನುಷ್ಯ ಈಗ ನೆಲದ ಮೇಲಿದ್ದರು.

"ಕೊಂದಿರೋದು ನಿನ್ನೆ ಸಂಜೆ," ಎಂದ ದಫೇದಾರ. "ರಕ್ತ ಪೂರಾ ಒಣಗಿದೆ. ಏನೂ ಕಳುವಾಗಿಲ್ಲ. ಅಳಿಯನ್ನ ಹಿಡಿದು ಕೂರಿಸಿದ್ದೀನಿ. ಕೆಳಗಿನ ಗಡಿಯಾರದೋನು ಜಗಳ ಕೇಳಿಸ್ಕೊಂಡಿದ್ದಾನೆ."

ಗಡಿಯಾರದವನನ್ನು ಮೇಲೆ ಕರೆಸಿದರು.

"ಮಾವ ಅಳಿಯ ಇಬ್ರೂ ಕೂಗಾಡ್ತಿದ್ರು ಸಾಹೇಬ್ರೆ. ಅದೇ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಹೋದ್ರು. ಆಮೇಲೆ ಸದ್ದು ನಿಂತುಹೋಯ್ತು. ನಾನೂ ಬಾಗಿಲು ಹಾಕಿ ಮನೆಗೆ ಹೋದೆ."

"ಹೆಂಗಸು ಹೇಗಿದ್ರು?"

"ಒಂದು ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡಿದ್ದೆ, ಇನ್ನೊಂದು ಕಣ್ಣು ಮುಚ್ಚಿದ್ದೆ. ಕಾಲಿನ ಸದ್ದು ಮಾತ್ರ ಹೆಂಗಸಿನದು."

ಅಳಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. ಹತ್ತು ಬೆರಳೂ ಕಪ್ಪು. ಬೆಳ್ಳಿಯ ದ್ರಾವಣದಲ್ಲಿ ಪ್ಲೇಟು ಅದ್ದುವವರ ಕೈಯೆಲ್ಲ ಹಾಗೆಯೇ, ಎಷ್ಟು ತಿಕ್ಕಿದರೂ ಹೋಗದ ಕಲೆ. ಪಕ್ಕದಲ್ಲಿ ಹೆಂಡತಿ, ಅಂದರೆ ಸತ್ತವರ ಮಗಳು, ಅವನ ತೋಳು ಹಿಡಿದು ನಿಂತಿದ್ದಳು. ಅತ್ತ ಅಪ್ಪ ಹೋದ, ಇತ್ತ ಗಂಡನೂ ಹೋಗುವ ಹಾಗಿದ್ದ. ಅವಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

"ಜಗಳ ಯಾಕೆ ಆಯ್ತು?" ಇನ್ಸ್‌ಪೆಕ್ಟರು ಕೇಳಿದರು.

"ಮನೆ ವಿಷಯ ಸಾಹೇಬ್ರೆ."

"ಮನೆ ವಿಷಯಕ್ಕೂ ಒಂದು ಹೆಸರಿರುತ್ತೆ."

"ಹೇಳೋ ಹಾಗಿಲ್ಲ."

"ನೇಣಿಗೆ ಹೋಗ್ತೀಯಾ, ಗೊತ್ತಾ?"

ಅವನು ತಲೆ ತಗ್ಗಿಸಿದ. ಹೆಂಡತಿ ಅವನ ತೋಳು ಜಗ್ಗಿದಳು. "ಹೇಳಿಬಿಡಿ, ದಮ್ಮಯ್ಯ ಅಂತೀನಿ." ಅವನು ಬಾಯಿ ಬಿಡಲಿಲ್ಲ.

"ಆ ಹೆಂಗಸು ಯಾರು? ಅದನ್ನಾದ್ರೂ ಹೇಳು."

"ನೋಡಲಿಲ್ಲ. ಜಗಳ ಆದ್ಮೇಲೆ ನಾನು ಕತ್ತಲೆ ಕೋಣೆ ಸೇರ್ಕೊಂಡೆ. ನಮ್ಮ ಪ್ಲೇಟು ಒದ್ದೆ ಇರೋವಾಗ್ಲೇ ಎಲ್ಲಾ ಮುಗೀಬೇಕು, ಒಣಗಿದ್ರೆ ಕೆಟ್ಟುಹೋಗುತ್ತೆ. ಬಾಗಿಲ ಸಂದೀಲಿ ಪ್ಲೇಟು ಕೊಟ್ಟೆ. ಮಾವ ಚಿತ್ರ ತೆಗೆದು ವಾಪಸ್ ಕೊಟ್ರು. ತೊಳೆದು, ಒಣಗೋಕಿಟ್ಟು, ಹಿಂದಿನ ಮೆಟ್ಟಿಲಿಂದ ಮನೆಗೆ ಹೋದೆ. ಆಗಿನ್ನೂ ಮಾವ ಆ ಗಿರಾಕಿ ಜೊತೆ ಮಾತಾಡ್ತಿದ್ರು."

"ಪ್ಲೇಟಿನಲ್ಲಿ ನೋಡಿರಬೇಕಲ್ಲ?"

"ನೋಡಿದೆ. ಬಿಳಿ ಶಾಲು. ಕಪ್ಪು ಅಂಚು. ಮುಖ ಪರಿಚಯ ಇಲ್ಲ."

ಅಳಿಯ ಹೋದ ದಾರಿಯನ್ನು ನೋಡಲು ಇನ್ಸ್‌ಪೆಕ್ಟರು ಹಿಂದಿನ ಮೆಟ್ಟಿಲು ಇಳಿದರು. ಇಕ್ಕಟ್ಟಾದ ಓಣಿ. ಮೆಟ್ಟಿಲ ಕೆಳಗೆ ಗೋಣಿಚೀಲ ಹೊದಿಸಿದ ಒಂದು ಓರೆ ಮೇಜು, ಅದರಡಿ ಒಂದು ತಗಡಿನ ಪೆಟ್ಟಿಗೆ.

"ಹಳೇ ಸಾಮಾನು," ಎಂದ ದಫೇದಾರ. ಇನ್ಸ್‌ಪೆಕ್ಟರು ಮೇಲೆ ಬಂದರು.

* * *

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಯಜಮಾನರ ಒಡಹುಟ್ಟಿದ ತಮ್ಮ. ಇಡೀ ಬೀದಿಗೇ ಅವರು ಚಿಕ್ಕಪ್ಪ. ಅಣ್ಣ ತೆಗೆದ ಫೋಟೋಗಳಿಗೆ ಬಣ್ಣ ಹಚ್ಚುವುದೇ ಅವರ ಜೀವಮಾನದ ಕೆಲಸ. ಅವರು ಕೆನ್ನೆಗೆ ಕೆಂಪು ಹಚ್ಚಿದರೆ ಸತ್ತವರೂ ಎದ್ದು ಕೂರುತ್ತಾರೆ ಎಂದು ಜನ ಹೇಳುತ್ತಿದ್ದರು. ಪಕ್ಕದ ಊರಿನ ದೊಡ್ಡ ಮನೆಯೊಂದರ ಚಿತ್ರಗಳಿಗೆ ಬಣ್ಣ ಹಚ್ಚಲು ಹೋಗಿದ್ದವರು ಬೆಳಗಿನ ರೈಲಿಗೆ ಮರಳಿದ್ದರು. ಕೈಯಲ್ಲಿ ಚೀಲ, ಜೇಬಿನಲ್ಲಿ ಇನ್ನೂ ಟಿಕೆಟು.

ಅಣ್ಣನನ್ನು ಕಂಡು ಕುಸಿದು ಕೂತರು. "ಅಯ್ಯೋ, ಒಂದು ದಿನ ಊರಲ್ಲಿ ಇಲ್ದೇ ಇದ್ರೆ ಹಿಂಗಾಗಿಬಿಡೋದಾ?" ಮಗಳು ಅವರ ಹೆಗಲಿಗೆ ಒರಗಿ ಆಗ ಅತ್ತಳು. ಮೊದಲ ಸಲ.

ದಫೇದಾರನಿಗೆ ಕೇಸು ಮುಗಿದಿತ್ತು. ಅಳಿಯನನ್ನು ಲಾಕಪ್ಪಿಗೆ ಕಳಿಸಿಬಿಟ್ಟ. "ನಾಳೆ ಮಧ್ಯಾಹ್ನದ ರೈಲಿಗೆ ಅವನನ್ನ ದೊಡ್ಡ ಕೋರ್ಟಿಗೆ ಕಳಿಸೋಣ. ಜಗಳ ಇದೆ, ಬಾಯಿ ಬಿಡ್ತಿಲ್ಲ, ಇನ್ನೇನು ಬೇಕು?"

ಮಗಳು ಕಣ್ಣೊರೆಸಿಕೊಂಡು ಎದ್ದಳು. "ಆ ಗಿರಾಕೀನ ಹುಡುಕಿ ಸಾಹೇಬ್ರೆ. ನನ್ನ ಗಂಡ ಹೋಗೋವಾಗ ಅಪ್ಪ ಬದುಕಿದ್ರು ಅನ್ನೋದು ಅವರಿಗೆ ಗೊತ್ತು. ಪ್ಲೇಟು ಅಲ್ಲೇ ಇದೆ. ನಾನು ಪ್ರಿಂಟು ತೆಗೀತೀನಿ."

"ಒಂದಲ್ಲ, ಎರಡು ತೆಗಿ," ಎಂದರು ಇನ್ಸ್‌ಪೆಕ್ಟರು. ಯಾಕೆ ಎರಡು ಎಂದು ಅವರಿಗೂ ಗೊತ್ತಿರಲಿಲ್ಲ. ಒಂದು ಕಳೆದುಹೋದರೆ ಇನ್ನೊಂದಿರಲಿ ಎಂಬ ಪೊಲೀಸ್ ಬುದ್ಧಿ ಅಷ್ಟೇ.

ಅವಳು ಚೌಕಟ್ಟನ್ನು ಮಾಳಿಗೆಯ ಬಿಸಿಲಿಗಿಟ್ಟು ಅದರ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತಳು. ಒಂದು ಮೋಡ ಬಂದರೂ ಬೈಯುವ ಹಾಗೆ ಆಕಾಶ ನೋಡುತ್ತಿದ್ದಳು. ನಿಧಾನಕ್ಕೆ ಕಾಗದದ ಮೇಲೆ ಒಬ್ಬ ಹೆಂಗಸು ಮೂಡಿದಳು. ಗಂಭೀರ ಮುಖ, ಹೆಗಲ ತುಂಬ ಬಿಳಿ ಶಾಲು, ಅದಕ್ಕೆ ಅಗಲವಾದ ಕಪ್ಪು ಅಂಚು.

ಚಿಕ್ಕಪ್ಪ ಚಿತ್ರವನ್ನು ಕೈಗೆತ್ತಿಕೊಂಡರು. "ಇದನ್ನ ಹೀಗೇ ಹಿಡ್ಕೊಂಡು ಬೀದಿ ಅಲೆದ್ರೆ ಯಾರಿಗೂ ಗುರುತು ಹತ್ತಲ್ಲ ಸಾಹೇಬ್ರೆ. ಜನ ನೆನಪಿಟ್ಕೊಳ್ಳೋದು ಬಣ್ಣಾನ. ನಾನು ಹಚ್ಚಿಕೊಡ್ತೀನಿ. ಅಳಿಯ ಮಾಡಿದ್ದೋ ಇಲ್ವೋ, ಸತ್ಯ ಹೊರಗೆ ಬರ್ಲಿ."

ಸರಸರನೆ ಹಿಂದಿನ ಮೆಟ್ಟಿಲು ಇಳಿದು ಬಣ್ಣದ ಪೆಟ್ಟಿಗೆ ತಂದರು. ಕಿಟಕಿಯ ಕಟ್ಟೆಯ ಮೇಲೇ ಚಿತ್ರ ಹಾಸಿಕೊಂಡರು. ಕುಂಚ ನಾಲಿಗೆಗೆ ತಾಗಿಸಿ ಮೊನೆ ಮಾಡಿಕೊಂಡರು. ಆಮೇಲೆ ಅವರಿಗೆ ಸುತ್ತಲಿನ ಲೋಕ ಇರಲಿಲ್ಲ. ಕೆನ್ನೆಗೆ ರಂಗು ಬಂತು, ತುಟಿಗೆ ಜೀವ ಬಂತು. ಶಾಲು ತಿಳಿನೀಲಿಯಾಯಿತು. ಕಪ್ಪು ಅಂಚಿನ ಮೇಲೆ ದಪ್ಪ ಹಳದಿ ಕೂತಿತು.

ದಫೇದಾರ ಬಾಯಿ ಬಿಟ್ಟುಕೊಂಡು ನೋಡಿದ. "ಈಗ ಮಾತಾಡೋದೊಂದು ಬಾಕಿ."

* * *

ಮರುದಿನ ಬೆಳಿಗ್ಗೆ ಚಿತ್ರ ಹಿಡಿದು ಬೀದಿ ಬೀದಿ ಅಲೆದರು. ದರ್ಜಿ ಇಲ್ಲವೆಂದ. ಬಳೆಯಂಗಡಿಯವಳು ಮುಖ ಎಲ್ಲೋ ನೋಡಿದ ಹಾಗಿದೆ ಎಂದು ಅರ್ಧ ಗಂಟೆ ತಿಂದಳು, ಕೊನೆಗೆ ತನ್ನ ನಾದಿನಿಯ ಹಾಗಿದೆ ಎಂದಳು. ಬಿಸಿಲು ಏರುತ್ತಿತ್ತು. ಮಧ್ಯಾಹ್ನದ ರೈಲು ಇನ್ಸ್‌ಪೆಕ್ಟರ ತಲೆಯಲ್ಲಿ ಆಗಲೇ ಓಡುತ್ತಿತ್ತು.

ಬಟ್ಟೆಗೆ ಬಣ್ಣ ಹಾಕುವವನ ಅಂಗಡಿ ಕೊನೆಯದು. ಮೊಣಕೈವರೆಗೂ ನೀಲಿಯಾಗಿದ್ದ ಆತ ಚಿತ್ರವನ್ನು ದೂರದಿಂದಲೇ ನೋಡಿ ಹಲ್ಲು ಬಿಟ್ಟ.

"ಮುಖ ಗೊತ್ತಿಲ್ಲ. ಶಾಲು ನಂದು!"

"ನಿನ್ನದಾ?"

"ನಾನು ಅದ್ದಿದ್ದು. ಬಿಳಿ ಶಾಲು ತಂದು ಕೊಟ್ಟಿದ್ರು. ನೀಲಿ ಮೈ, ಹಳದಿ ಅಂಚು. ಇಂಥದ್ದು ಇಡೀ ಊರಲ್ಲಿ ಒಂದೇ. ಮೊನ್ನೆ ಸಂಜೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ."

ಟೀಚರಮ್ಮ ಪಾಠ ನಿಲ್ಲಿಸಿ ವರಾಂಡಕ್ಕೆ ಬಂದರು. ಯಜಮಾನರು ಸತ್ತ ಸುದ್ದಿ ಆಗಲೇ ತಿಳಿದಿತ್ತು. ಪೊಲೀಸರ ಮುಂದೆ ಬರಲು ಹೆದರಿದ್ದರು. ಹೆದರಿಕೆ ಈಗಲೂ ಇತ್ತು.

"ಆ ಹುಡುಗ ಹೋಗಿದ್ದು ನೀವು ನೋಡಿದ್ರಾ?"

"ಇಲ್ಲ. ಅವರು ಒಳಗಿನ ಕೋಣೇಲಿದ್ರು. ಮುಖ ನೋಡೇ ಇಲ್ಲ. ಫೋಟೋ ಮುಗಿದ ಮೇಲೆ ಯಜಮಾನರು ನನ್ನ ಮೆಟ್ಟಿಲವರೆಗೂ ಬಿಟ್ರು. ಅಷ್ಟೇ ಗೊತ್ತು."

ಅಳಿಯ ಹೋದದ್ದನ್ನು ಆಕೆ ಕಂಡಿರಲಿಲ್ಲ. ಇನ್ಸ್‌ಪೆಕ್ಟರು ಇನ್ನೊಂದು ಪ್ರಶ್ನೆ ಹಾಕಿದರು. "ಜಗಳ ಕೇಳಿಸ್ತಾ?"

"ಕೇಳಿಸ್ತು. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಆ ಹುಡುಗ ಕೂಗ್ತಿದ್ರು. 'ನಾನಿರೋವರೆಗೂ ಬಿಡಲ್ಲ' ಅಂತ."

ದಫೇದಾರ ಗೆದ್ದವನ ಹಾಗೆ ಮೀಸೆ ಸವರಿಕೊಂಡ. ಹುಡುಕಿ ಹುಡುಕಿ ಹಗ್ಗವನ್ನೇ ತಂದು ಕೊಟ್ಟಂತಾಗಿತ್ತು. ಆ ಮಗಳ ಮುಖ ಹೇಗೆ ನೋಡುವುದು ಎಂದು ಇನ್ಸ್‌ಪೆಕ್ಟರಿಗೆ ಸಂಕಟವಾಯಿತು.

"ಇನ್ನೇನಾದ್ರೂ ಅಂದ್ರಾ? ನೆನಪು ಮಾಡ್ಕೊಳ್ಳಿ."

"ಮೇಜು ಮೇಜು ಅಂತಿದ್ರು. 'ಆ ಮೇಜು ಅಲ್ಲೇ ಇರ್ಬೇಕು' ಅಂತ. ಒಂದು ಮೇಜಿಗೋಸ್ಕರ ಇಷ್ಟೊಂದು ಜಗಳಾನಾ ಅಂತ ನಗು ಬಂತು ನನಗೆ."

ಚಿತ್ರವನ್ನು ಲಕೋಟೆಗೆ ಸೇರಿಸುವಾಗ ಬಣ್ಣ ಹಚ್ಚದ ಇನ್ನೊಂದು ಪ್ರಿಂಟು ಜಾರಿ ಕೆಳಗೆ ಬಿತ್ತು. ಟೀಚರಮ್ಮ ಎತ್ತಿಕೊಟ್ಟರು. ಕೊಡುತ್ತಾ ಹುಬ್ಬು ಗಂಟಿಕ್ಕಿದರು.

"ಇದ್ಯಾಕೆ ನನ್ನ ಶಾಲು ಬಿಳಿ ಇದೆ?"

ಇನ್ಸ್‌ಪೆಕ್ಟರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಿಡಿದರು. ಕಣ್ಣ ಮುಂದೆ ತಮ್ಮದೇ ಮದುವೆಯ ಕೋಟು ಬಂತು.

"ಈ ಶಾಲನ್ನ ಹೊದ್ಕೊಂಡು ಎಲ್ಲೆಲ್ಲಿ ಹೋದ್ರಿ?"

"ಎಲ್ಲೂ ಇಲ್ಲ. ತಂಗಿಗೆ ಅಂತ ಬಣ್ಣ ಹಾಕಿಸಿದ್ದು. ಕೊಡೋಕೆ ಮುಂಚೆ ನಾನೂ ಒಂದ್ಸಲ ಹೊದ್ದು ಫೋಟೋ ತೆಗೆಸ್ಕೊಳ್ಳೋಣ ಅಂತ ಆಸೆ ಆಯ್ತು. ಸ್ಟುಡಿಯೋದಲ್ಲೇ ಕಾಗದ ಬಿಚ್ಚಿದೆ. ಹೊದ್ದೇ ಮೆಟ್ಟಿಲಿಳಿದೆ. ಬಾಗಿಲಲ್ಲಿ ನಿಂತು ಮತ್ತೆ ಸುತ್ತಿದೆ. ನೇರ ಅಂಚೆ ಕಚೇರಿಗೆ ಹೋಗಿ ಪಾರ್ಸೆಲ್ ಮಾಡಿದೆ."

"ಅಂದ್ರೆ ಆ ಸಂಜೆ, ಆ ಮೆಟ್ಟಿಲ ಮೇಲೆ ಮಾತ್ರ."

"ಹೌದು. ಯಾಕೆ?"

ಇನ್ಸ್‌ಪೆಕ್ಟರು ತಂತಿ ಕಚೇರಿಯ ಕಡೆ ಹೆಚ್ಚುಕಮ್ಮಿ ಓಡಿದರು.

* * *

ತಂತಿ ಕೊಟ್ಟು ಲಾಕಪ್ಪಿಗೆ ಬಂದರು. ಅಳಿಯ ಗೋಡೆಗೆ ಮುಖ ಮಾಡಿ ಕುಳಿತಿದ್ದ.

"ಮೆಟ್ಟಿಲ ಕೆಳಗಿನ ಮೇಜು ಬಣ್ಣ ಹಚ್ಚೋ ನಿನ್ನ ಚಿಕ್ಕಮಾವನದು. ಹೌದಾ?"

ಅವನು ಬೆಚ್ಚಿ ತಿರುಗಿದ.

"ನಿನ್ನ ಮಾವ ಅದನ್ನ ಹೊರಗೆ ಹಾಕಿಸಿದ್ರು. ಜಗಳ ಅದಕ್ಕೇ."

ಅವನು ಎದ್ದು ಕಂಬಿಯ ಹತ್ತಿರ ಬಂದ. "ಇನ್ಮೇಲೆ ಫೋಟೋಗೆ ಬಣ್ಣ ಬೇಡ, ಬೆಳಕು ಬರೆದದ್ದೇ ಸಾಕು ಅಂದ್ರು ಮಾವ. ತಮ್ಮ ಊರಲ್ಲಿಲ್ದೇ ಇರೋವಾಗ ನನ್ನ ಕೈಲೇ ಮೇಜು ಎತ್ತಿಸಿಬಿಟ್ರು. ಇಷ್ಟು ವರ್ಷ ದುಡಿದ ಜೀವ, ಬಂದು ನೋಡಿದ್ರೆ ಎದೆ ಒಡೆದುಹೋಗುತ್ತೆ ಅಂತ ನಾನು ಕೂಗಾಡಿದೆ. ಸಾಹೇಬ್ರೆ, ಇದನ್ನ ಚಿಕ್ಕಮಾವನಿಗೆ ಹೇಳಬೇಡಿ. ಅಣ್ಣ ಹೋದ ದುಃಖವೇ ಸಾಕು ಅವರಿಗೆ. ಅಣ್ಣನೇ ಅವರನ್ನ ಬೇಡ ಅಂದಿದ್ರು ಅನ್ನೋದೂ ಗೊತ್ತಾಗೋದು ಬೇಡ."

"ಅದಕ್ಕೆ ನೇಣಿಗೆ ಹೋಗೋಕೂ ತಯಾರಿದ್ಯಾ?"

"ಮಾಡದ ತಪ್ಪಿಗೆ ನೇಣು ಹಾಕಲ್ಲ ಅಂದ್ಕೊಂಡಿದ್ದೆ."

ಇಂಥ ಪೆದ್ದು ಒಳ್ಳೆಯತನವನ್ನು ಇನ್ಸ್‌ಪೆಕ್ಟರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಸಿಟ್ಟೂ ಬಂತು, ಕಣ್ಣೂ ಒದ್ದೆಯಾಯಿತು.

* * *

ಸ್ಟುಡಿಯೋದಲ್ಲಿ ಓರೆ ಮೇಜು ಉತ್ತರದ ಕಿಟಕಿಯ ಪಕ್ಕ ತನ್ನ ಹಳೆಯ ಜಾಗಕ್ಕೆ ಮರಳಿತ್ತು. ಚಿಕ್ಕಪ್ಪ ಅದರ ಮುಂದೆ ಕೂತು ಅಣ್ಣನ ಫೋಟೋವೊಂದಕ್ಕೆ ಬಣ್ಣ ಹಚ್ಚುತ್ತಿದ್ದರು. ಮಗಳು ಬಾಗಿಲಲ್ಲೇ ಇನ್ಸ್‌ಪೆಕ್ಟರನ್ನು ತಡೆದಳು.

"ಸಿಕ್ಕಿದ್ರಾ? ಏನಂದ್ರು?"

"ಸಿಕ್ಕಿದ್ರು. ಕೂತ್ಕೊ ಮಗಳೇ." ಇನ್ಸ್‌ಪೆಕ್ಟರು ಮೇಜಿನ ಮೇಲೆ ಬಣ್ಣದ ಚಿತ್ರ ಇಟ್ಟರು. "ಚಿಕ್ಕಪ್ಪ, ನಿಮ್ಮ ಕೆಲಸಕ್ಕೆ ಸಾಟಿ ಇಲ್ಲ. ಬಣ್ಣ ಹಾಕೋನು ತನ್ನ ಶಾಲನ್ನ ದೂರದಿಂದಲೇ ಗುರುತು ಹಿಡಿದ. ಅಷ್ಟು ಕರಾರುವಾಕ್ಕು."

"ಕೈಯಲ್ಲಿ ಬಂದದ್ದು, ಅಷ್ಟೇ."

"ಕಣ್ಣಲ್ಲಿ ಬಂದದ್ದು." ಪಕ್ಕದಲ್ಲಿ ಬಣ್ಣ ಹಚ್ಚದ ಪ್ರಿಂಟು ಇಟ್ಟರು. "ಇದನ್ನ ನೋಡಿ. ಶಾಲು ಬಿಳಿ, ಅಂಚು ಕಪ್ಪು. ನಿಮಗೆ ಕೊಟ್ಟದ್ದೂ ಇದನ್ನೇ. ನೀವು ಬಿಳಿಗೆ ನೀಲಿ ಹಚ್ಚಿದ್ರಿ. ಯಾಕೆ?"

ಕುಂಚ ಗಾಳಿಯಲ್ಲೇ ನಿಂತಿತು. ಒಂದು ಕ್ಷಣ ಮಾತ್ರ.

"ಅನುಭವ ಸಾಹೇಬ್ರೆ. ನಮ್ಮ ಪ್ಲೇಟಿಗೆ ನೀಲಿ ಕಾಣಿಸಲ್ಲ, ಬಿಳಿಯಾಗಿಬಿಡುತ್ತೆ. ನಿಮ್ಮ ಕೋಟು ಮರೆತುಹೋಯ್ತಾ? ಊಹೆ ಮಾಡಿದೆ."

"ನೀಲೀನ ಊಹಿಸಬಹುದು, ಒಪ್ಪಿದೆ. ಅಂಚು? ಕೆಂಪು, ಹಸಿರು, ಹಳದಿ ಎಲ್ಲಾ ಆ ಪ್ಲೇಟಿಗೆ ಕಪ್ಪೇ. ನಿಜವಾದ ಕಪ್ಪೂ ಕಪ್ಪೇ. ಸುಮ್ನೆ ಹಾಗೇ ಬಿಡಬಹುದಿತ್ತು. ನೀವು ಕಪ್ಪಿನ ಮೇಲೆ ದಪ್ಪವಾಗಿ ಹಳದೀನೇ ಹಚ್ಚಿದ್ರಿ. ಆ ಶಾಲು ನೀಲಿ ಹಳದಿಯಾಗಿ ಲೋಕಕ್ಕೆ ಕಂಡದ್ದು ಒಂದೇ ಒಂದು ಸಲ. ಮೊನ್ನೆ ಸಂಜೆ, ಈ ಮೆಟ್ಟಿಲ ಮೇಲೆ. ಆಗ ನೀವು ಪಕ್ಕದ ಊರಲ್ಲಿದ್ರಿ ಅಂತ ಹೇಳಿದ್ರಿ."

ಮಗಳು ಎದ್ದು ನಿಂತಳು. "ಚಿಕ್ಕಪ್ಪಾ?"

ಅವರು ಅವಳ ಕಡೆ ನೋಡಲಿಲ್ಲ.

"ಇನ್ನೊಂದಿದೆ," ಎಂದರು ಇನ್ಸ್‌ಪೆಕ್ಟರು. "ನಿಮ್ಮ ಮೇಜು, ಪೆಟ್ಟಿಗೆ ಎರಡೂ ವರ್ಷಾನುಗಟ್ಟಲೆ ಈ ಕಿಟಕಿ ಹತ್ರ ಇದ್ದವು. ನಿನ್ನೆ ಊರಿಂದ ಬಂದವರು ಇಲ್ಲಿ ಹುಡುಕಿ, 'ನನ್ನ ಮೇಜೆಲ್ಲಿ?' ಅಂತ ಕೇಳಬೇಕಿತ್ತು. ಕೇಳಲಿಲ್ಲ. ನೇರ ಮೆಟ್ಟಿಲ ಕೆಳಗೆ ಹೋಗಿ ಪೆಟ್ಟಿಗೆ ತಂದ್ರಿ. ಅದು ಅಲ್ಲಿದೆ ಅಂತ ನಿಮಗೆ ಯಾರೂ ಹೇಳಿರಲಿಲ್ಲ."

ಜೇಬಿನಿಂದ ತಂತಿಯ ಕಾಗದ ತೆಗೆದರು. "ದೊಡ್ಡ ಮನೆಯವರ ಉತ್ತರ. ಕೆಲಸ ಬೇಗ ಮುಗಿಸಿ ಮೊನ್ನೆ ಮಧ್ಯಾಹ್ನವೇ ಹೊರಟ್ರಂತೆ. ಇಲ್ಲಿ ಕೆಲಸ ಮುಗಿಸಿ ನಡುವಿನ ಸಣ್ಣ ಸ್ಟೇಷನ್ನಿಗೆ ನಡೆದುಹೋಗಿರ್ಬೇಕು ನೀವು, ಬೆಳಿಗ್ಗೆ ಅಲ್ಲಿಂದ ರೈಲು ಹತ್ತಿ ಬಂದ್ರಿ. ಟಿಕೆಟು ಯಾವ ಸ್ಟೇಷನ್ನಿಂದ ಅಂತ ನಾವೂ ಓದಲಿಲ್ಲ. ತಪ್ಪು ನಮ್ಮದೂ ಇದೆ."

ದಫೇದಾರ ಮೀಸೆಯಿಂದ ಕೈ ಇಳಿಸಿದ.

ಚಿಕ್ಕಪ್ಪ ಕುಂಚವನ್ನು ನೀರಿನ ಬಟ್ಟಲಿಗೆ ಅದ್ದಿ, ತೊಳೆದು, ಬಟ್ಟೆಯಲ್ಲಿ ಒರೆಸಿ ಇಟ್ಟರು. ಆಮೇಲೆ ಮಾತಾಡಿದರು.

"ಹಿಂದಿನ ಓಣಿಯಿಂದ ಬಂದೆ. ನನ್ನ ಮೇಜು ಕಸದ ಹಾಗೆ ಬಿದ್ದಿತ್ತು. ಗಿರಾಕಿ ಮುಂದೆ ಗಲಾಟೆ ಬೇಡ ಅಂತ ಮುಂದಿನ ಬಾಗಿಲ ಮರೆಯಲ್ಲಿ ಕಾದೆ. ಆಯಮ್ಮ ಇಳಿದುಬಂದ್ರು. ಸಂಜೆ ಬಿಸಿಲು ಶಾಲಿನ ಮೇಲೆ ಬಿದ್ದಿತ್ತು. ಅಷ್ಟು ಸಿಟ್ಟಿನಲ್ಲೂ ಎಂಥಾ ನೀಲಿ ಅಂದ್ಕೊಂಡೆ ಕಣಮ್ಮ." ಈಗ ಮಗಳ ಕಡೆ ತಿರುಗಿದರು. "ಮೇಲೆ ಹೋದೆ. ನಿಮ್ಮಪ್ಪ ತಲೇನೂ ಎತ್ತದೆ, 'ನಿನ್ನ ಬಣ್ಣ ಸುಳ್ಳು ಕಣೋ' ಅಂದ. ಕೈಗೆ ಕಬ್ಬಿಣ ಸಿಕ್ತು."

"ನನ್ನ ಗಂಡನ್ನ ಹಿಡ್ಕೊಂಡು ಹೋದಾಗ ಸುಮ್ನಿದ್ರಲ್ಲ!" ಅವಳ ದನಿ ಗಾಜಿನ ಛಾವಣಿಯವರೆಗೂ ಏರಿತು. "ನಿಮ್ಮ ಹೆಗಲ ಮೇಲೆ ಅತ್ತೆನಲ್ಲ ನಾನು!"

"ಮೇಜು ಎತ್ತಿ ಹಾಕಿದ್ದು ಅವನೇ ಇರಬೇಕು ಅಂದ್ಕೊಂಡಿದ್ದೆ. ಅಣ್ಣನಿಗೆ ವಯಸ್ಸಾಗಿತ್ತು, ಒಬ್ಬನೇ ಎತ್ತೋಕಾಗಲ್ಲ. ಅವನೇ ಕಿವಿ ಊದಿರಬೇಕು ಅಂತ."

"ಎತ್ತಿದ್ದು ಅವನೇ," ಎಂದರು ಇನ್ಸ್‌ಪೆಕ್ಟರು. "ಯಜಮಾನರು ಬಲವಂತವಾಗಿ ಎತ್ತಿಸಿದ್ರು. ಆಮೇಲೆ ಅವನು ಮಾಡಿದ ಜಗಳ ಏನು ಗೊತ್ತಾ? ಆ ಮೇಜು ಅಲ್ಲೇ ಇರ್ಬೇಕು, ನಾನಿರೋವರೆಗೂ ಚಿಕ್ಕಮಾವನ್ನ ಹೊರಗೆ ಹಾಕೋಕೆ ಬಿಡಲ್ಲ ಅಂತ. ಅದನ್ನ ಹೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಲಾಕಪ್ಪಿನಲ್ಲಿ ಬಾಯಿ ಮುಚ್ಚಿ ಕೂತಿದ್ದಾನೆ."

ಚಿಕ್ಕಪ್ಪ ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದುಕೊಂಡರು. ಅಣ್ಣನ ಹೆಣ ನೋಡಿದಾಗ ಅತ್ತದ್ದು ನಾಟಕವೋ ನಿಜವೋ, ಇನ್ಸ್‌ಪೆಕ್ಟರಿಗೆ ಕೊನೆಗೂ ತಿಳಿಯಲಿಲ್ಲ. ಈಗಿನ ಅಳು ಮಾತ್ರ ನಿಜ.

ಮೆಟ್ಟಿಲಿಳಿಯುವಾಗ ದಫೇದಾರನಿಗೆ ತಡೆಯಲಾಗಲಿಲ್ಲ. "ಅಲ್ಲಾ, ಶಾಲನ್ನ ಬಿಳೀನೇ ಬಿಟ್ಟಿದ್ರೆ ಬಚಾವಾಗ್ತಿದ್ರಲ್ಲ?"

"ಗೊತ್ತಿತ್ತು ಕಣಪ್ಪ," ಎಂದರು ಚಿಕ್ಕಪ್ಪ. "ನಿಜವಾದ ಬಣ್ಣ ಕಂಡಮೇಲೆ ಸುಳ್ಳನ್ನ ಹಾಗೇ ಬಿಡೋಕೆ ಕೈ ಬರಲಿಲ್ಲ."

* * *

ಕೆಲವು ದಿನ ಕಳೆದು ಟೀಚರಮ್ಮ ತಮ್ಮ ಫೋಟೋ ಕೇಳಿಕೊಂಡು ಬಂದರು. ಬಣ್ಣದ ಚಿತ್ರ ಕೋರ್ಟಿನಲ್ಲಿತ್ತು. ಅಳಿಯ ಕತ್ತಲೆ ಕೋಣೆಯಿಂದ ಅದೇ ಪ್ಲೇಟು ತಂದುಕೊಟ್ಟ. ಮಗಳು ಬಿಸಿಲಿಗಿಟ್ಟು ಹೊಸ ಪ್ರಿಂಟು ತೆಗೆದಳು.

ಟೀಚರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ. ಆದ್ರೆ ತಂಗಿ ಕೇಳ್ತಾಳೆ, ನನ್ನ ನೀಲಿ ಶಾಲು ಎಲ್ಲಿ ಅಂತ. ಸ್ವಲ್ಪ ಬಣ್ಣ ಹಚ್ಚಿಕೊಡೋಕೆ ಆಗಲ್ವಾ?"

ಮಗಳು ಉತ್ತರದ ಕಿಟಕಿಯ ಕಡೆ ನೋಡಿದಳು. ಓರೆ ಮೇಜು ಅಲ್ಲೇ ಇತ್ತು. ಅದನ್ನು ತೆಗೆಯಲು ಗಂಡ ಬಿಟ್ಟಿರಲಿಲ್ಲ.

"ಇಲ್ಲಮ್ಮ," ಎಂದಳು. "ನಮ್ಮಲ್ಲಿ ಈಗ ಬಣ್ಣ ಹಚ್ಚೋರು ಯಾರೂ ಇಲ್ಲ."